ಸೂಸನ್‌ಗೆ ಆದ ಅನ್ಯಾಯ

ಆಂಗ್ಲ ಸಾಹಿತಿ ಸಿ. ಎಸ್. ಲೂಯಿಸ್ ಅವರು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಪ್ರಕಟಿಸಿದ ‘ನಾರ್ನಿಯಾ’ದ ಏಳು ಕಥೆಗಳು ಮಕ್ಕಳ ಮನಸ್ಸನ್ನು ಸೂರೆಗೊಂಡಿವೆ. ನಾಲ್ವರು ಒಡಹುಟ್ಟಿದವರು ಬಟ್ಟೆಯ ಕಪಾಟಿನ ಮೂಲಕ ಮಾಯಾಲೋಕವನ್ನು ಪ್ರವೇಶಿಸುವ ಮೊದಲ ಕಥೆಯನ್ನು ಓದಿದವರು ಉಳಿದವನ್ನು ಓದದೆ ಬಿಡಲಾರರು. ಆದರೆ ಏಳನೆಯದಾದ ‘ಕೊನೆಯ ಯುದ್ಧ’ವನ್ನು ಮುಗಿಸಿದಾಗ ನನಗುಂಟಾದದ್ದು ನಿರಾಶೆ.

ನಾಲ್ವರಲ್ಲಿ ಎರಡನೆಯವಳು ಸೂಸನ್, ಬಿಲ್ವಿದ್ಯೆಯಲ್ಲಿ ನಿಪುಣೆ. ತಮ್ಮನಾದ ಎಡ್ಮಂಡನ ದ್ರೋಹಕ್ಕೆ ಬೆಲೆಯಾಗಿ ಸಿಂಹರಾಜ ಅಸ್ಲಾನನು ತನ್ನ ಪ್ರಾಣವನ್ನೇ ತೆರಲು ಹೊರಟ ರಾತ್ರಿ ಅವನ ಜೊತೆಗೆ ನಡೆದವರು ಅವಳೂ ತಂಗಿ ಲೂಸಿಯೂ ಮಾತ್ರ. ಅಂಥವಳು ಕೊನೆಯ ಕಥೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ತುಟಿಯ ಬಣ್ಣ, ನೈಲಾನ್ ಕಾಲುಚೀಲ, ಔತಣಗಳ ಕರೆ ಇವುಗಳಲ್ಲೇ ಮನಸ್ಸಿಟ್ಟು ನಾರ್ನಿಯಾವನ್ನು ಬಾಲ್ಯದ ಆಟವೆಂದು ತಳ್ಳಿಹಾಕಿದಳೆಂದು ಇತರರು ಆಡಿಕೊಳ್ಳುತ್ತಾರೆ. ರೈಲು ಅಪಘಾತದಲ್ಲಿ ಮಡಿದ ಒಡಹುಟ್ಟಿದವರೂ ತಂದೆತಾಯಿಯರೂ ದಿವ್ಯಲೋಕವನ್ನು ಸೇರುತ್ತಾರೆ. ಇಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ.

ಹರೆಯದ ಹುಡುಗಿ ಅಲಂಕಾರವನ್ನು ಬಯಸುವುದು ಅಪರಾಧವೇ? ಬಹುಕಾಲ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನಾನು ಒಪ್ಪಲಾರೆ. ಮರೆತದ್ದು ತಪ್ಪೇ ಎನ್ನೋಣ. ದ್ರೋಹಕ್ಕೆ ದೊರೆತ ಕ್ಷಮೆ ಮರೆವಿಗೇಕೆ ದೊರೆಯಲಿಲ್ಲ? ಸೂಸನ್ ಕೂಡ ತನ್ನದೇ ದಾರಿಯಲ್ಲಿ ಅಲ್ಲಿಗೆ ಬಂದು ಸೇರಬಹುದೆಂದು 1957ರಲ್ಲಿ ಲೂಯಿಸರು ಬಾಲಕನೊಬ್ಬನಿಗೆ ಪತ್ರ ಬರೆದರು, ನಿಜ. ಆದರೆ ಕಥೆಯನ್ನು ಓದಿ ನೊಂದವರೆಲ್ಲರ ಕೈಗೆ ಆ ಪತ್ರ ತಲುಪೀತೇ?