ರಿಸೆಟ್ ಒತ್ತಿದ್ರ ರಿಪೇರಿ ಆಗಂಗಿಲ್ಲ

ಹೋದ ಗ್ಯಾದರಿಂಗಿನ ದಿನ ಪರದೆ ತೆರೀಲಿಲ್ಲ ಅನ್ನೋದು ಕ್ಯಾಂಪಸ್ಸಿಗೆಲ್ಲ ಗೊತ್ತು. ಮೇಕಪ್ ಹಾಕ್ಕೊಂಡ ನಾಟಕದವರು ಒಳಗೆ, ಸೀಟಿ ಹೊಡೆಯೋ ಮಂದಿ ಹೊರಗೆ, ನಡುವೆ ಹಟ ಹಿಡಿದು ನಿಂತ ಕೆಂಪು ಪರದೆ. ಕೊನೆಗೆ ಎರಡೂ ಕಡೆ ನಾಲ್ಕು ನಾಲ್ಕು ಹುಡುಗರು ಬಟ್ಟೆ ಎತ್ತಿ ಹಿಡಿದು ನಿಂತ ಮೇಲೆ ನಾಟಕ ನಡೀತು. ಮರುದಿನದಿಂದಲೇ ಮಾತು ಶುರು: "ಮೋಟರ್ ಹೋಗ್ಯದ, ಹೊಸಾದು ತರಿಸಬೇಕು." ನಾವು ಈ ಲೇಖನ ಬರೀತಿರೋದು ಆ ಮೋಟರಿನ ಪರವಾಗಿ. ಅದು ಹೋಗಿಲ್ಲ. ತಪ್ಪು ನಮ್ಮದು.

ಆ ರಾತ್ರಿ ಸ್ವಿಚ್ ಬೋರ್ಡಿನ ಹತ್ರ ನಿಂತಿದ್ದವರು ನಾವೇ. 'ಓಪನ್' ಒತ್ತಿದ್ವಿ. ಮೋಟರ್ ಗುಂಯ್ ಅಂತು, ಹಗ್ಗ ಬಿಗಿದುಕೊಂಡಿತು, ಪರದೆ ಅಲುಗಲಿಲ್ಲ. ಓವರ್‌ಲೋಡ್ ರಿಲೇ ಟ್ರಿಪ್ ಆಯಿತು. ರಿಸೆಟ್ ಒತ್ತಿದ್ವಿ. ಮತ್ತ ಗುಂಯ್, ಮತ್ತ ಟ್ರಿಪ್. ಹಿಂದಿನಿಂದ ಯಾರೋ "ಮತ್ತೊಮ್ಮೆ ಒತ್ರೋ" ಅಂದರು, ಒತ್ತಿದ್ವಿ. ನಾಲ್ಕನೇ ಸಲಕ್ಕೆ ಹಗ್ಗದ ಕ್ಲಾಂಪ್ ಜಾರಿ ಠಪ್ ಅಂತು. ಅದೃಷ್ಟ, ಆ ಜಾಗದಲ್ಲಿ ಯಾರ ಕೈಯೂ ಇರಲಿಲ್ಲ.

ಮರುದಿನ ಕ್ಲಾಂಪ್ ಬಿಗಿ ಮಾಡಿ ಒತ್ತಿದ್ರ ಪರದೆ ಬೆಣ್ಣೆಯಲ್ಲಿ ಕೂದಲು ತೆಗೆದಂಗ ಸರಿದು ಹೋಯಿತು! ಒಂದು ವಾರ ತಲೆ ಕೆಡಿಸಿಕೊಂಡ್ವಿ. ವೈಂಡಿಂಗ್ ನೋಡಿದ್ವಿ, ಇನ್ಸುಲೇಷನ್ ಮೆಗ್ಗರ್ ಹಚ್ಚಿ ನೋಡಿದ್ವಿ, ಗೇರ್‌ಬಾಕ್ಸಿನ ಎಣ್ಣೆ ನೋಡಿದ್ವಿ. ಎಲ್ಲಾ ಸರಿ. ಕಡೆಗೆ ನಮ್ಮೊಳಗೊಬ್ಬನ ಕಾಕಾ, ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಫೋನಿನಲ್ಲೇ ಒಂದು ಪ್ರಶ್ನೆ ಕೇಳಿದರು: "ತಮ್ಮಾ, ಆವತ್ತು ಕರೆಂಟ್ ಎಲ್ಲಿಂದ ಬಂದಿತ್ತು?"

ಬಾಡಿಗೆ ಜನರೇಟರಿನಿಂದ.

ಅಲ್ಲಿಗೆ ಗಂಟು ಬಿಚ್ಚಿತು. ಮೂರು ಫೇಸಿನ ಮೋಟರಿಗೆ ಯಾವುದಾದರೂ ಎರಡು ಫೇಸ್ ಅದಲು ಬದಲಾದರೆ ಅದು ಉಲ್ಟಾ ತಿರುಗತದ. ಇದು ಎರಡನೇ ವರ್ಷದ ಪಾಠ, ಪರೀಕ್ಷೆಯಲ್ಲಿ ಎಲ್ಲರೂ ಬರೆದಿದ್ದೇವೆ. ಜನರೇಟರಿನ ಕೇಬಲ್ ಜೋಡಿಸುವಾಗ ಫೇಸ್ ಅದಲು ಬದಲಾಗಿದೆ. ಬಲ್ಬು, ಫ್ಯಾನು, ಮೈಕು ಎಲ್ಲಾ ಸಿಂಗಲ್ ಫೇಸಿನವು, ಅವಕ್ಕೆ ವ್ಯತ್ಯಾಸವೇ ಗೊತ್ತಾಗಂಗಿಲ್ಲ; ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ನಾವು 'ಓಪನ್' ಒತ್ತಿದಾಗಲೆಲ್ಲ ಮೋಟರ್ ಮುಚ್ಚಿದ ಪರದೆಯನ್ನೇ ಇನ್ನೂ ಮುಚ್ಚಲಿಕ್ಕೆ ಜಗ್ಗುತ್ತಿತ್ತು.

"ಲಿಮಿಟ್ ಸ್ವಿಚ್ ಇರ್ತದಲ್ಲ, ಅದು ಯಾಕ ನಿಲ್ಲಿಸಲಿಲ್ಲ?" ಅಂತ ಕೇಳಬಹುದು. ಇಲ್ಲೇ ಇರೋದು ನಿಜವಾದ ಅಪಾಯ. ಮುಚ್ಚುವ ತುದಿಯ ಲಿಮಿಟ್ ಸ್ವಿಚ್ 'ಕ್ಲೋಸ್' ಕಾಂಟ್ಯಾಕ್ಟರಿನ ಕಾಯಿಲ್‌ಗೆ ಮಾತ್ರ ಕರೆಂಟ್ ಕಡಿಯುತ್ತದೆ. ನಾವು ಒತ್ತಿದ್ದು 'ಓಪನ್'. ಹಾಗಾಗಿ ತಿರುಗುವ ದಿಕ್ಕು ಉಲ್ಟಾ ಆದ ಕೂಡಲೇ ಎರಡೂ ಲಿಮಿಟ್ ಸ್ವಿಚ್ಚುಗಳು ಇದ್ದೂ ಇಲ್ಲದಂತೆ. ಪರದೆಯಾದ್ದರಿಂದ ಕ್ಲಾಂಪ್ ಜಾರಿತು ಅಷ್ಟೇ. ಅದೇ ತಲೆ ಮೇಲೆ ಲೈಟುಗಳನ್ನ ಹೊತ್ತ ಕಂಬಿಯಾಗಿದ್ದರೆ? 'ಅಪ್' ಒತ್ತಿದಾಗ ಕೆಳಗೆ ಇಳಿಯುತ್ತಿತ್ತು, ಕೆಳಗೆ ಡ್ಯಾನ್ಸಿನ ಹುಡುಗಿಯರು ಸಾಲಾಗಿ ನಿಂತಿರುತ್ತಿದ್ದರು. ಇದನ್ನ ನೆನೆಸಿಕೊಂಡರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಆ ಘಟನೆ ಆದ ಮೇಲೆ ಕೆಲವರು, "ಕಂಪನಿ ನಾಟಕದವರು ಕೈಯಲ್ಲೇ ಪರದೆ ಎಳೀತಿದ್ರು, ನಿಮಗ್ಯಾಕ್ ಬೇಕಿತ್ತು ಮೋಟರು" ಅಂದರು. ಈ ಮಾತಿನಲ್ಲಿ ಅರ್ಧ ಸತ್ಯ ಅದ. ಹಗ್ಗ ಎಳೆಯುವವನಿಗೆ ಎಲ್ಲಾದರೂ ಸಿಕ್ಕಿಕೊಂಡರೆ ಕೈಗೇ ಗೊತ್ತಾಗುತ್ತದೆ, ಅವನೇ ಬಿಡುತ್ತಾನೆ. 1758ರಲ್ಲಿ ಜಪಾನಿನ ಒಸಾಕಾದಲ್ಲಿ ಕಬುಕಿ ನಾಟಕಕ್ಕೆ ತಿರುಗುವ ರಂಗ ಮಾಡಿದಾಗಲೂ ಅದನ್ನ ನೂಕಿದ್ದು ಮನುಷ್ಯರೇ. ಮೋಟರಿಗೆ ಕೈಯ ಆ ಅರಿವಿಲ್ಲ. ಅದಕ್ಕಿರೋ ಒಂದೇ ಅರಿವು ಓವರ್‌ಲೋಡ್ ರಿಲೇ. ಅದು ಮೂರು ಸಲ "ಬ್ಯಾಡ" ಅಂತು, ಮೂರು ಸಲವೂ ನಾವು ಅದರ ಬಾಯಿ ಮುಚ್ಚಿಸಿದ್ವಿ. ಹಾಗಂತ ಮೋಟರ್ ಕಿತ್ತು ಹಾಕೋದನ್ನ ನಾವು ಒಪ್ಪೋದಿಲ್ಲ. ಅದರ ಮಾತು ಕೇಳೋದನ್ನ ಕಲೀಬೇಕು.

ನಾಚಿಕೆಯ ವಿಷಯ ಅಂದರೆ ನಾವು ಬಂದಿರೋ ಊರುಗಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್: ಸುಣ್ಣದ ಕಲ್ಲು, ಫರಸಿ, ಸಿಮೆಂಟಿನ ಸೀಮೆ. ಚಿಂಚೋಳಿಯವನೂ ಒಬ್ಬ ಇದ್ದಾನೆ, ಅವನು ತಮ್ಮೂರಿನ ಕಾಡಿನ ಬಗ್ಗೆ ಮಾತಾಡಿದಷ್ಟು ಮೋಟರಿನ ಬಗ್ಗೆ ಮಾತಾಡೋದಿಲ್ಲ, ಇರಲಿ. ಸಿಮೆಂಟ್ ಫ್ಯಾಕ್ಟರಿಯ ಕನ್ವೇಯರ್ ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ, ಪುಲ್ ಕಾರ್ಡ್. ಯಾರಾದರೂ ಅದನ್ನ ಜಗ್ಗಿ ಬೆಲ್ಟ್ ನಿಂತರೆ, ಆ ಜಾಗಕ್ಕೇ ನಡೆದು ಹೋಗಿ, ಕಾರಣ ಕಣ್ಣಾರೆ ನೋಡಿ, ಅಲ್ಲೇ ರಿಸೆಟ್ ಮಾಡಬೇಕು. ಕಂಟ್ರೋಲ್ ರೂಮಿನಲ್ಲಿ ಕೂತು ಒತ್ತಿದರೆ ನಡೆಯೋದಿಲ್ಲ. ನಮ್ಮ ಅಪ್ಪ, ಕಾಕಾಗಳು ದಿನಾ ಮಾಡೋ ಕೆಲಸ ಇದು. ನಾವು ಪುಸ್ತಕದಲ್ಲಿ ಇಂಡಕ್ಷನ್ ಮೋಟರಿನ ಸಮೀಕರಣ ಬಿಡಿಸುತ್ತೇವೆ, ಬೋರ್ಡಿನ ಮುಂದೆ ನಿಂತಾಗ ಕರೆಂಟ್ ಎಲ್ಲಿಂದ ಬಂತು ಅಂತ ಕೇಳೋದು ಹೊಳೆಯೋದಿಲ್ಲ.

ನಾವು ಕೇಳೋದು ಹೊಸ ಮೋಟರ್ ಅಲ್ಲ. ಒಂದು ಫೇಸ್ ಸೀಕ್ವೆನ್ಸ್ ರಿಲೇ ಹಾಕಿಸಿಕೊಡಿ, ಫೇಸ್ ಉಲ್ಟಾ ಇದ್ದರೆ ಮೋಟರ್ ಶುರುವೇ ಆಗದಂತೆ ಅದು ತಡೆಯುತ್ತದೆ. ಗಣ್ಯರ ಹಾರ, ಶಾಲಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಆದೀತು. ಕರೆಂಟ್ ಹೋದಾಗ ಕೈಯಿಂದ ತಿರುಗಿಸಲಿಕ್ಕೆ ಹ್ಯಾಂಡಲ್ ಬೇಕು. ಬೋರ್ಡಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ ನೇತುಹಾಕುತ್ತೇವೆ. ಯಾವತ್ತು ಏನಾಯ್ತು, ಏನು ಕೇಳಿಸ್ತು, ಕರೆಂಟ್ ಯಾವುದು, ಯಾರು ಏನು ಮುಟ್ಟಿದರು, ಎಲ್ಲಾ ಕನ್ನಡದಲ್ಲೇ ಬರೀರಿ. "ಗುಂಯ್ ಅಂತು" ಅಂತ ಬರೆದರೂ ನಡೀತದ. "ಮೋಟರ್ ಪ್ರಾಬ್ಲಂ" ಅಂತ ಮಾತ್ರ ಬರೀಬ್ಯಾಡ್ರಿ.

ಮೊದಲನೇ ಪುಟದಲ್ಲಿ ನಮ್ಮ ಮೂರು ರಿಸೆಟ್‌ಗಳ ಕಥೆ ಬರೆದಿಟ್ಟಿದ್ದೇವೆ. ಮುಂದಿನ ಗ್ಯಾದರಿಂಗಿಗೆ ಎರಡು ದಿನ ಮೊದಲೇ ಜನರೇಟರ್ ತರಿಸಿ, ಸ್ಟೇಜ್ ಖಾಲಿ ಇದ್ದಾಗ ಪರದೆ ನಡೆಸಿ ನೋಡೋರಿದ್ದೇವೆ. ಬರೋರು ಬರ್ರಿ, ಕಾಕಾನೂ ಬರ್ತೀನಿ ಅಂದಾರ.