ಅಜ್ಜಂದಿರಿಗೆ ಇಲ್ಲದ ಮಡಿ

ಜಾತ್ರೆಯಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಬಾರದು ಎನ್ನುವ ಹಿರಿಯರನ್ನು ಕಂಡರೆ ನಾವು ಸುಲಭವಾಗಿ ಒಂದು ರಿಯಾಯಿತಿ ಕೊಟ್ಟುಬಿಡುತ್ತೇವೆ: ‘ಬಿಡಿ, ಹಳೇ ಕಾಲದವರು.’ ಇದು ಶುದ್ಧ ಸುಳ್ಳು. ಹಳೇ ಕಾಲದಲ್ಲಿ ಅವರು ಹೀಗಿರಲಿಲ್ಲ. ಅರವತ್ತು ದಾಟಿದ ಕರಾವಳಿಯ ಯಾರನ್ನಾದರೂ ಕೇಳಿ ನೋಡಿ, ಚಿಕ್ಕಂದಿನಲ್ಲಿ ಜಾತ್ರೆಯಿಂದ ತಂದ ಬಳೆ, ಪೀಪಿ, ಮಿಠಾಯಿ ಯಾರ ಅಂಗಡಿಯವು ಎಂದು. ಅಜ್ಜನ ಬೆರಳು ಹಿಡಿದು ಬ್ಯಾರಿ ಮುಸ್ಲಿಮರ ಅಂಗಡಿ ಮುಂದೆ ಹಟ ಮಾಡಿದವರೇ ಈಗ ಮೊಮ್ಮಕ್ಕಳಿಗೆ ಆ ಕಡೆ ಹೋಗಬೇಡಿ ಎನ್ನುತ್ತಿದ್ದಾರೆ. ಅಜ್ಜನಿಗೆ ಇಲ್ಲದ ಮಡಿ ಮೊಮ್ಮಗನಿಗೆ, ಅದೂ ತಲೆ ನರೆತ ಮೇಲೆ, ಬಂದದ್ದು ಹೇಗೆ?

2022ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. 15ರಂದು ತರಗತಿಯಲ್ಲಿ ಹಿಜಾಬ್ ನಿಷೇಧವನ್ನು ಎತ್ತಿಹಿಡಿದ ಹೈಕೋರ್ಟ್ ತೀರ್ಪು ಬಂತು. ಎರಡು ದಿನ ಬಿಟ್ಟು, ಅದನ್ನು ಒಪ್ಪದ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದ್ ಮಾಡಿದರು. ಅದರ ಬೆನ್ನಿಗೇ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಹಿಂದೂಗಳಲ್ಲದವರಿಗೆ ಅಂಗಡಿ ಜಾಗವಿಲ್ಲ ಎಂದಾಯಿತು. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲೂ ಅದೇ ಆಯಿತು. ಅದೇ ಕಾಪುವಿನ ಮಾರಿಗುಡಿಯಲ್ಲಿ ನಾದಸ್ವರ ಸೇವೆ ತಲೆಮಾರುಗಳಿಂದ ಒಂದು ಮುಸ್ಲಿಂ ಕುಟುಂಬದ್ದು. ದೇವಿಯ ಎದುರು ನಾದಸ್ವರಕ್ಕೆ ಅಡ್ಡಿಯಿಲ್ಲ, ಗುಡಿಯ ಹೊರಗೆ ಆಟಿಕೆ ಮಾರುವುದಕ್ಕೆ ಅಡ್ಡಿ!

ಮೂಲ್ಕಿಯ ಬಪ್ಪನಾಡಿನ ಕಥೆ ಇನ್ನೂ ವಿಚಿತ್ರ. ಶಾಂಭವಿ ನದಿಯಲ್ಲಿ ದೋಣಿ ನಿಂತು, ಕನಸಿನಲ್ಲಿ ದೇವಿಯ ಅಪ್ಪಣೆಯಾಗಿ, ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಗುಡಿ ಕಟ್ಟಿಸಿದನೆಂಬುದು ಅಲ್ಲಿನ ಸ್ಥಳಪುರಾಣ. ಊರಿಗೆ ಹೆಸರು ಅವನದು. ಅವನ ಮನೆತನಕ್ಕೆ ಮೊದಲ ಪ್ರಸಾದ ಸಲ್ಲುತ್ತದೆ. ಯಕ್ಷಗಾನದಲ್ಲಿ ಆ ಬ್ಯಾರಿಯ ವೇಷ ಬಂದರೆ ಜನ ಬೆಳಗಿನ ಜಾವದಲ್ಲೂ ಎದ್ದು ಕೂರುತ್ತಾರೆ. ಅಂಥ ಕ್ಷೇತ್ರದ ಜಾತ್ರೆಗೂ ಆ ವರ್ಷ ಮುಸ್ಲಿಂ ವ್ಯಾಪಾರಿಗಳು ಬರಬಾರದೆಂಬ ಬ್ಯಾನರ್ ಬಿತ್ತು. ಆಟದಲ್ಲಿ ಬ್ಯಾರಿಗೆ ಚಪ್ಪಾಳೆ ಹೊಡೆದ ಜನರ ನಡುವಿನಿಂದಲೇ ಈ ಬ್ಯಾನರ್ ಎದ್ದಿತು ಎಂಬುದನ್ನು ಮರೆಯಬಾರದು.

ಆಗ ಕೇಳಿಬಂದ ಮುಖ್ಯ ಸಮರ್ಥನೆ, ಅವರು ಕೋರ್ಟ್ ತೀರ್ಪಿನ ವಿರುದ್ಧ ಬಂದ್ ಮಾಡಿದರು, ಸಂವಿಧಾನಕ್ಕೆ ಗೌರವ ಕೊಡಲಿಲ್ಲ ಎಂಬುದು. ಸರಿ. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ಕಾವೇರಿ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ಕರ್ನಾಟಕ ಬಂದ್ ಆಯಿತಲ್ಲ, ಅಂದು ಅಂಗಡಿ ಮುಚ್ಚಿದವರಲ್ಲಿ ಯಾರಿಗೆ ಜಾತ್ರೆಯ ಜಾಗ ತಪ್ಪಿತು? ನ್ಯಾಯಾಲಯದ ಮಾತನ್ನು ಒಪ್ಪದೆ ಒಂದು ದಿನ ಬಾಗಿಲು ಹಾಕುವುದು ಈ ರಾಜ್ಯದಲ್ಲಿ ಎಲ್ಲರೂ ಮಾಡಿಕೊಂಡು ಬಂದದ್ದೇ. ಶಿವಮೊಗ್ಗದಲ್ಲಿ 2022ರ ಫೆಬ್ರುವರಿಯಲ್ಲಿ ಬಜರಂಗದಳದ ಕಾರ್ಯಕರ್ತನ ಕೊಲೆಯಾಗಿತ್ತು, ಜನರ ಸಿಟ್ಟು ಸಹಜ ಎಂದವರೂ ಇದ್ದರು. ಸಿಟ್ಟು ಸಹಜವೇ. ಕೊಂದವರಿಗೆ ಶಿಕ್ಷೆಯಾಗಲಿ. ಕಡಲೆ ಮಾರುವವನ ತಟ್ಟೆ ಕಿತ್ತುಕೊಂಡರೆ ಯಾವ ಕೊಲೆಗೆ ನ್ಯಾಯ ಸಿಕ್ಕಿತು?

ಇನ್ನೊಂದು ಸಮರ್ಥನೆ ಕಾನೂನಿನದು. ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮಾವಳಿಯಲ್ಲಿ, ದೇವಸ್ಥಾನದ ಸಮೀಪದ ಜಾಗ, ಕಟ್ಟಡಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಎಂಬ ನಿಯಮವಿದೆ. ಆಗಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ ವಿಧಾನಸಭೆಯಲ್ಲಿ ಅದನ್ನೇ ಮುಂದಿಟ್ಟರು. ನಿಯಮ ಬಂದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರದಲ್ಲಿ ಎಂಬುದೂ ನಿಜ. ಕಾಂಗ್ರೆಸ್ಸಿಗರು ಇಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ. ಆದರೆ 2002ರಿಂದ 2022ರವರೆಗೆ ಆ ನಿಯಮ ಪುಸ್ತಕದಲ್ಲೇ ಇತ್ತು, ಬಳೆಯಂಗಡಿಗಳು ಜಾತ್ರೆಯಲ್ಲೇ ಇದ್ದವು. ನಾಲ್ಕು ದಿನದ ಟಾರ್ಪಾಲಿನ ಅಂಗಡಿಗೆ ಈ ನಿಯಮ ಹಚ್ಚಬೇಕೆಂದು ಇಪ್ಪತ್ತು ವರ್ಷ ಬಹುತೇಕ ಮೊಕ್ತೇಸರರಿಗೆ ಹೊಳೆದಿರಲಿಲ್ಲ. ನಿಯಮದ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಓದುವವರ ಕಣ್ಣು. ಆಗ ಆಳುತ್ತಿದ್ದ ಬಿಜೆಪಿಯಲ್ಲೇ ಇದ್ದ ಎ.ಎಚ್. ವಿಶ್ವನಾಥ್ ಬಹಿರಂಗವಾಗಿ ವಿರೋಧಿಸಿದರು. ಅವರ ಹಿಂದೆ ನಿಂತವರು ಬಹಳ ಮಂದಿ ಇರಲಿಲ್ಲ.

ನಮ್ಮಂಥವರು ಬಹಳ ಕಾಲ ನಂಬಿಕೊಂಡು ಬಂದ ಒಂದು ಮಾತಿದೆ: ಜನ ಒಬ್ಬರನ್ನೊಬ್ಬರು ಅರಿತರೆ ದ್ವೇಷ ಕರಗುತ್ತದೆ. ಕರಾವಳಿ ಈ ನಂಬಿಕೆಯನ್ನು ಮುರಿದುಹಾಕಿದೆ. ಇಲ್ಲಿ ಪರಿಚಯದ ಕೊರತೆ ಎಂದೂ ಇರಲಿಲ್ಲ. ಮೀನು, ಅಡಿಕೆ, ಬಸ್ಸು, ಬಟ್ಟೆ ಎಲ್ಲದರಲ್ಲೂ ಒಟ್ಟಿಗೆ ದುಡಿದವರು, ಒಬ್ಬರ ಮದುವೆಗೆ ಒಬ್ಬರು ಹೋದವರು ಇವರು. ಪೂರ್ವಗ್ರಹ ಇಂಥವರೊಳಗೆ ಅಜ್ಞಾನದ ದಾರಿಯಿಂದ ಬರಲಿಲ್ಲ. ‘ನಮ್ಮ ಬ್ಯಾರಿ ಒಳ್ಳೆಯವರು, ಉಳಿದವರು ಹಾಗಲ್ಲ’ ಎಂಬಲ್ಲಿ ಅದು ಶುರುವಾಗುತ್ತದೆ. ನಲವತ್ತು ವರ್ಷ ಕಂಡ ಒಬ್ಬ ಮನುಷ್ಯ ಅಪವಾದ, ಮೊಬೈಲಿಗೆ ಬೆಳಿಗ್ಗೆ ಬಂದು ಬಿದ್ದ ವಿಡಿಯೊ ನಿಯಮ! ಸ್ವಲ್ಪ ದಿನಕ್ಕೆ ಆ ಅಪವಾದವೂ ಅಳಿಸಿಹೋಗುತ್ತದೆ. ಸ್ವಂತ ಬದುಕಿನ ಸಾಕ್ಷಿಯನ್ನೇ ತಳ್ಳಿಹಾಕುವ ಈ ಕೆಲಸವನ್ನು ಮುಗ್ಧತೆ ಎನ್ನಲಾರೆ. ವಯಸ್ಸಾದವರು, ವಾಟ್ಸ್‌ಆ್ಯಪ್ ಕೆಡಿಸಿತು ಎಂದು ಕನಿಕರ ಪಡುವುದೂ ಅವರಿಗೆ ಮಾಡುವ ಅವಮಾನವೇ. ಬ್ಯಾಂಕು, ಶಾಲೆ, ಪಂಚಾಯಿತಿ ನಡೆಸಿದ ಬುದ್ಧಿವಂತರು ಅವರು. ತಿಳಿದೇ ಒಪ್ಪಿಕೊಂಡಿದ್ದಾರೆ.

ಸಲಿಂಗಿಗಳ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲೂ ಇದೇ ನಡೆಯುತ್ತಿದೆ. ಸವದತ್ತಿ ಯಲ್ಲಮ್ಮನ, ಹುಲಿಗೆಮ್ಮನ ಹೆಸರಲ್ಲಿ ಸೀರೆಯುಟ್ಟ ಜೋಗಪ್ಪ ಬಾಗಿಲಿಗೆ ಬಂದರೆ ಪಡಲಿಗೆಗೆ ಜೋಳ ನೀಡಿ ಕೈಮುಗಿಯುತ್ತಿದ್ದ ಮನೆಯವರೇ ಈಗ ‘ಇವೆಲ್ಲ ಫಾರಿನ್ ರೋಗ’ ಎನ್ನುತ್ತಾರೆ. ಫಾರಿನ್ನಿನಿಂದ ಬಂದದ್ದು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಮು. ಬ್ರಿಟಿಷರು 1860ರಲ್ಲಿ ಬರೆದದ್ದು 2018ರವರೆಗೆ ನಮ್ಮನ್ನು ಆಳಿತು. ಸಾಲದೆಂಬಂತೆ, ಅವರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಧಾಟಿಯಲ್ಲೇ ಹಿಜಡಾ ಸಮುದಾಯದವರ ಪಟ್ಟಿ ಇಡಿಸುವ 36ಎ ಎಂಬ ಕಲಮನ್ನು ನಮ್ಮ ವಿಧಾನಮಂಡಲ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ್ದು 2011ರಲ್ಲಿ, ಸ್ವಾತಂತ್ರ್ಯ ಬಂದು ಅರವತ್ತನಾಲ್ಕು ವರ್ಷಗಳ ಮೇಲೆ. ಲಿಂಗತ್ವ ಅಲ್ಪಸಂಖ್ಯಾತ ಜನಪದ ಕಲಾವಿದೆ ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂದಾಗ ಹೆಮ್ಮೆಯಿಂದ ಫೋಟೊ ಹಂಚಿಕೊಂಡ ಬೆರಳುಗಳೇ ಸುಪ್ರೀಂ ಕೋರ್ಟಿನಲ್ಲಿ ಸಲಿಂಗ ವಿವಾಹದ ವಿಚಾರಣೆಯ ಹೊತ್ತಿಗೆ ಅಸಹ್ಯದ ಜೋಕುಗಳನ್ನು ಕಳಿಸುತ್ತಿದ್ದವು. ಇದಕ್ಕೂ ‘ಸಂಪ್ರದಾಯಸ್ಥರು’ ಎಂಬ ರಿಯಾಯಿತಿಯೇ?

ಮತ್ತೆ ಜಾತ್ರೆಗೆ ಬರೋಣ. ಸರ್ಕಾರ ಬದಲಾದರೆ ಸರಿಹೋಗುತ್ತದೆ ಎಂದುಕೊಂಡವರಿಗೆ 2023ರ ನವರಾತ್ರಿ ಉತ್ತರ ಕೊಟ್ಟಿತು. ಮಂಗಳೂರಿನ ಮಂಗಳಾದೇವಿ ದೇವಸ್ಥಾನದ ರಥಬೀದಿಯಲ್ಲಿ ಅದೇ ತಕರಾರು ಮತ್ತೆ ಎದ್ದಿತು. ವ್ಯಾಪಾರಿಗಳು ದನಿ ಎತ್ತಿದ ಮೇಲೆಯೇ ಕೆಲವು ಅಂಗಡಿಗಳು ಮುಸ್ಲಿಮರಿಗೆ ಸಿಕ್ಕಿದ್ದು. ಹಾಗಾಗಿ ಸೌಹಾರ್ದ ಸಮಾವೇಶ, ಇಫ್ತಾರ್ ಕೂಟಗಳ ಫೋಟೊ ಇನ್ನು ಸಾಕು. ಜಾತ್ರೆಯ ತಾತ್ಕಾಲಿಕ ಅಂಗಡಿಗೆ 2002ರ ಗುತ್ತಿಗೆ ನಿಯಮ ಅನ್ವಯಿಸುವುದಿಲ್ಲ ಎಂದು ಮುಜರಾಯಿ ಇಲಾಖೆ ಒಂದು ಸುತ್ತೋಲೆಯಲ್ಲಿ ಕಡ್ಡಿಮುರಿದಂತೆ ಹೇಳಲಿ. ಅದು ಸರ್ಕಾರದ ಪಾಲಿನ ಕೆಲಸ.

ಉಳಿದದ್ದು ಭಕ್ತರ ಕೆಲಸ. ಜಾತ್ರೆಗೆ ಮುಂಚೆ ಊರಿನವರ ಸಭೆ ಕರೆಯುತ್ತಾರೆ. ಬ್ಯಾನರ್ ಹಾಕುವವರು ಆ ಸಭೆಗೆ ತಪ್ಪದೆ ಬರುತ್ತಾರೆ, ಇದು ಸರಿಯಲ್ಲ ಎಂದುಕೊಳ್ಳುವವರು ಮನೆಯಲ್ಲೇ ಉಳಿಯುತ್ತಾರೆ. ಈ ಸಲ ಹೋಗಿ. ನಿಮ್ಮ ಅಪ್ಪ, ಮಾವ, ದೊಡ್ಡಪ್ಪ ಅಲ್ಲಿ ಕೂತಿದ್ದರೂ ಸರಿ, ಎದ್ದು ನಿಂತು, ಅಂಗಡಿಯ ಏಲಂ ಎಲ್ಲರಿಗೂ ತೆರೆದಿರಬೇಕು ಎಂದು ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ ಬನ್ನಿ.