ಶಾಲೆಯ ಕರೆಂಟ್ ಬಿಲ್ಲು ಯಾರು ಕಟ್ಟಬೇಕು?

2023ರ ಕನ್ನಡ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲಾ ಕಾಲೇಜುಗಳಿಗೆ ವಿದ್ಯುತ್ತು ಮತ್ತು ಕುಡಿಯುವ ನೀರನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿದರು. ಸ್ವಾಗತಿಸಬೇಕಾದ ಮಾತು. ಆದರೆ 'ಉಚಿತ' ಎಂಬ ಪದದ ಹಿಂದೆ ಒಂದು ಲೆಕ್ಕವಿದೆ. ಸರ್ಕಾರಿ ಸೇವೆಯಲ್ಲಿ ಇಂಜಿನಿಯರಾಗಿ ದುಡಿದ ನಾನು ಅದನ್ನು ಶರಣಬಂಧುಗಳ ಮುಂದಿಡಬಯಸುತ್ತೇನೆ.

2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ, ಸರ್ಕಾರ ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಟ್ಟರೆ ಆ ಹಣವನ್ನು ವಿದ್ಯುತ್ ಕಂಪನಿಗೆ ಮುಂಗಡವಾಗಿ ತುಂಬಬೇಕು. ತುಂಬದಿದ್ದರೆ ಬಾಕಿ ಬೆಳೆಯುತ್ತದೆ, ಅದರ ಭಾರ ಇಂದಲ್ಲ ನಾಳೆ ಉಳಿದ ಗ್ರಾಹಕರ ಹೆಗಲಿಗೆ ಬೀಳುತ್ತದೆ. ನೆರೆಯವನ ಗಂಟಿನಿಂದ ನೀಡಿ ದಾಸೋಹವೆನ್ನಲಾದೀತೇ?

ಹಾಗಾದರೆ ಶಾಲೆಗೆ ಕಡಿಮೆ ದರ ಕೇಳುವುದು ತಪ್ಪೇ? ಖಂಡಿತ ಅಲ್ಲ. ಬಳಕೆಯ ಸಮಯ, ಉದ್ದೇಶ ನೋಡಿ ದರದಲ್ಲಿ ವ್ಯತ್ಯಾಸ ಮಾಡಲು ಅದೇ ಕಾಯ್ದೆಯ 62(3)ನೇ ಕಲಂ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅವಕಾಶ ಕೊಟ್ಟಿದೆ. ಶಾಲೆ ವಿದ್ಯುತ್ ಬಳಸುವುದು ಹಗಲಿನಲ್ಲಿ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಉತ್ಪಾದಿಸುವ ಹೊತ್ತಿನಲ್ಲೇ. ಸಂಜೆ ಊರೆಲ್ಲ ದೀಪ ಹಚ್ಚುವಾಗ ಶಾಲೆಗೆ ಬೀಗ ಬಿದ್ದಿರುತ್ತದೆ. ಬೇಸಿಗೆ ರಜೆಯಲ್ಲಿ ಮೀಟರ್ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆದರೂ ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಕಟ್ಟಲೇಬೇಕು. ಆದ್ದರಿಂದ ಶಾಲೆಗಳಿಗೆ ಹಗಲಿನ ರಿಯಾಯಿತಿ ದರ ಬೇಕು, ರಜೆಯ ತಿಂಗಳುಗಳ ನಿಗದಿತ ಶುಲ್ಕ ಮನ್ನಾ ಆಗಬೇಕು.

ಇದು ಯಾರಿಗೆ ಸಲ್ಲಬೇಕು? ಸರ್ಕಾರಿ ಶಾಲೆಗಳ ಜೊತೆಗೆ ಬಡವರ ಮಕ್ಕಳು ಓದುವ ಅನುದಾನಿತ ಶಾಲೆಗಳಿಗೂ ಸಲ್ಲಬೇಕು. ನಮ್ಮ ಮಠಗಳು ನಡೆಸುವ ಹಳ್ಳಿಯ ಶಾಲೆಗಳು ಈ ಗುಂಪಿಗೆ ಸೇರುತ್ತವೆ. ಆದರೆ ಲಕ್ಷಗಟ್ಟಲೆ ಶುಲ್ಕ ಪಡೆಯುವ ವೃತ್ತಿಶಿಕ್ಷಣ ಕಾಲೇಜು, ಮಠದ ಹೆಸರೇ ಇರಲಿ, ಈ ಸಾಲಿನಲ್ಲಿ ನಿಲ್ಲಬಾರದು. ಉಳ್ಳವರು ಬಡವರ ಪಾಲಿಗೆ ಕೈಯೊಡ್ಡಿದರೆ ಕೇಳುವ ನೈತಿಕ ಬಲವೇ ಉಳಿಯುವುದಿಲ್ಲ.

ಕೇಳುವ ಮೊದಲು ನಮ್ಮ ಮನೆಯನ್ನೂ ಸರಿಪಡಿಸಿಕೊಳ್ಳೋಣ. ಹತ್ತು ಕೊಠಡಿಗಳಲ್ಲಿ ತಲಾ ಎರಡು ಹಳೆಯ 75 ವಾಟ್ ಫ್ಯಾನುಗಳು ದಿನಕ್ಕೆ 6 ತಾಸಿನಂತೆ 200 ದಿನ ತಿರುಗಿದರೆ 1,800 ಯೂನಿಟ್ ಬೇಕು. ಸುಮಾರು 30 ವಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ 720 ಯೂನಿಟ್ ಸಾಕು. ಲೋಡ್ ಇಳಿದರೆ, ಮಂಜೂರಾತಿಯನ್ನೂ ಇಳಿಸಲು ಅರ್ಜಿ ಕೊಡಬಹುದು.

ದರ ಪರಿಷ್ಕರಣೆಗೆ ಮುನ್ನ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಲಿಖಿತ ಆಕ್ಷೇಪ, ಸಲಹೆ ಸಲ್ಲಿಸಬಹುದು. ಮಠಗಳ ಶಾಲಾ ಆಡಳಿತ ಮಂಡಳಿಯವರು ಒಂದು ವರ್ಷದ ಬಿಲ್ಲುಗಳನ್ನು ಜೋಡಿಸಿಕೊಂಡು ಮುಂದಿನ ವಿಚಾರಣೆಗೆ ಹೋಗಲಿ. ನಮ್ಮ ಶಾಲೆಯ ಜೊತೆಗೆ ಪಕ್ಕದ ಸರ್ಕಾರಿ ಶಾಲೆಯ ಪರವಾಗಿಯೂ ಮಾತಾಡಲಿ.